ಗ್ರಹಕ್ಕೊಂದು ಖಾತೆ

ನಮ್ಮ ಕಮಾಂಡರ್ ಸೈನ್ಯದವರಲ್ಲ. ಬೆಳಿಗ್ಗೆ ಕಂಪನಿ ಕ್ಯಾಬು ಹತ್ತಿ ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲಿ ತೂಕಡಿಸುವ ಸಾಫ್ಟ್‌ವೇರ್ ಮನುಷ್ಯ. ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಏರಿಸಿ, 'ಎಲೀಟ್ ಡೇಂಜರಸ್' ತೆರೆದರೆ ಮಾತ್ರ ಕಮಾಂಡರ್. ಆ ಆಟ ಆಡುವವರನ್ನೆಲ್ಲ ಹಾಗೇ ಕರೆಯುತ್ತದೆ. ಇವರು ಮಾತ್ರ ಅದನ್ನು ಬಡ್ತಿ ಅಂದುಕೊಂಡಿದ್ದಾರೆ. ಆಟದೊಳಗಿನ ಇಸವಿ ನಮ್ಮದಕ್ಕಿಂತ 1286 ವರ್ಷ ಮುಂದಿದೆ. ಮನೆಯ ನೀರಿನ ಬಿಲ್ಲು ಎರಡು ತಿಂಗಳು ಹಿಂದಿದೆ.

ಇಂಗ್ಲೆಂಡಿನ ಫ್ರಾಂಟಿಯರ್ ಕಂಪನಿ 2014ರಲ್ಲಿ ಬಿಟ್ಟ ಈ ಆಟದಲ್ಲಿ ಇಡೀ ಆಕಾಶಗಂಗೆಯೇ ಇದೆ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳು! ಆಟಗಾರರೆಲ್ಲ ಸೇರಿ ಇಷ್ಟು ವರ್ಷ ಅಲೆದರೂ ನೋಡಿ ಮುಗಿಸಿರುವುದು ಶೇಕಡಾ 1 ಕೂಡ ಅಲ್ಲ. ಸರ್ಜಾಪುರ ರಸ್ತೆಯಲ್ಲಿ ಮೂವತ್ತು-ನಲವತ್ತು ಸೈಟಿನ ರೇಟು ಕೇಳಿ ಬರಿಗೈಯಲ್ಲಿ ವಾಪಸಾದವರಿಗೆ ಇದಕ್ಕಿಂತ ಸಮಾಧಾನ ಇನ್ನೆಲ್ಲಿ ಸಿಗಬೇಕು?

"ಬರೀ ಆಟ ತಾನೆ" ಎಂದು ಬಾಯಿತಪ್ಪಿಯೂ ಅನ್ನಬೇಡಿ. ಟ್ರಾಪಿಸ್ಟ್-1 ನಕ್ಷತ್ರದ ಸುತ್ತ 7 ಗ್ರಹಗಳಿವೆ ಎಂದು 2017ರ ಫೆಬ್ರವರಿಯಲ್ಲಿ ನಾಸಾ ಸಾರಿದಾಗ, ಹೆಚ್ಚೂಕಡಿಮೆ ಅದೇ ಜಾಗದಲ್ಲಿ ಏಳು ಗ್ರಹಗಳ ಸಂಸಾರವೊಂದನ್ನು ಈ ಆಟದ ಲೆಕ್ಕಾಚಾರ ಮೊದಲೇ ಹುಟ್ಟಿಸಿ ಇಟ್ಟಿತ್ತು. ಇದು ನಿಜ. ಆದರೆ ಕಮಾಂಡರ್ ಇದನ್ನು ನಾಮಕರಣದ ಊಟದ ಪಂಕ್ತಿಯಲ್ಲೂ ಹೇಳುತ್ತಾರೆ. ಪಾಯಸ ಬರುವ ಹೊತ್ತಿಗೆ, ನಾಸಾಕ್ಕೆ ಸುಳಿವು ಕೊಟ್ಟವರು ಇವರೇ ಇರಬೇಕು ಅನ್ನಿಸಿಬಿಡುತ್ತದೆ.

ಮೊನ್ನೆ ಶನಿವಾರ ಮಧ್ಯರಾತ್ರಿ ಹಸಿರು ಗ್ರಹ ಸಿಕ್ಕಿತು. ಬಿಸಿಲು ಬೀಳದ ಮಗ್ಗುಲಲ್ಲೂ ಪಚ್ಚೆಯಂತೆ ಬೆಳಗುವ ಅನಿಲದೈತ್ಯ. ಆಟಗಾರರಲ್ಲಿ ಬಹಳ ಮಂದಿಯ ಕಣ್ಣಿಗೆ ಬೀಳದ ವಸ್ತು.

"ಏ, ಗ್ಯಾಸ್ ಜಯಂಟ್ ಸಿಕ್ತು ಕಣೇ!"

"ಈ ಹೊತ್ತಲ್ಲಿ ಯಾವ ಗ್ಯಾಸಿನವನು ಬರ್ತಾನೆ? ಮಲಗ್ರೀ ಸುಮ್ನೆ."

ಕಂಡ ಮಾತ್ರಕ್ಕೆ ಗ್ರಹ ಹೆಸರಿಗಾಗುವುದಿಲ್ಲ. ಕಂಡದ್ದರ ವಿವರವನ್ನು ಯಾವುದಾದರೂ ನಿಲ್ದಾಣಕ್ಕೆ ಒಯ್ದು 'ಯೂನಿವರ್ಸಲ್ ಕಾರ್ಟೋಗ್ರಾಫಿಕ್ಸ್' ಎಂಬ ನಕ್ಷೆ ಕಚೇರಿಗೆ ಮಾರಬೇಕು. ಆಮೇಲೆ 'ಮೊದಲು ಕಂಡವರು' ಎಂದು ಹೆಸರು ಕೂರುತ್ತದೆ, ಖಾತೆ ಆದ ಹಾಗೆ. ದಾರಿಯಲ್ಲಿ ಹಡಗು ಒಡೆದರೆ ಮಾಹಿತಿಯೂ ಹೋಯಿತು. ಹೀಗಾಗಿ ಭಾನುವಾರವೆಲ್ಲ ವಾಪಸು ಪ್ರಯಾಣ: ನಕ್ಷತ್ರದ ಪಕ್ಕದಲ್ಲೇ ತೂರಿ ಇಂಧನ ಹೀರುವುದು, ಹಾರುವುದು, ಮತ್ತೆ ಹೀರುವುದು. ಮಾವನವರು ಬಂದು ಕೂತು ಕಾಫಿ ಕುಡಿದು ಎದ್ದರು. "ಕ್ಷಮಿಸಿ ಮಾವ, ಇದಕ್ಕೆ ಪಾಜ್ ಬಟನ್ ಇಲ್ಲ" ಎಂದರು ಕಮಾಂಡರ್. ಅದೂ ನಿಜವೇ. ಆಟದಿಂದ ಹೊರಬಂದು ಆಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು ಎಂಬುದನ್ನು ಮಾತ್ರ ಅವರು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಸಂಜೆ ಹೆಸರು ಕೂತಿತು. ಸಬ್ ರಿಜಿಸ್ಟ್ರಾರ್ ಮುಂದೆ ನಿಂತಿಲ್ಲ, ಯಾರ ಕೈಯನ್ನೂ ಬೆಚ್ಚಗೆ ಮಾಡಿಲ್ಲ, ಭೂಮಿಯ ಹತ್ತಾರು ಪಟ್ಟು ದೊಡ್ಡ ಆಸ್ತಿ! ಒಂದೇ ಕೊರತೆ, ನೆರೆಹೊರೆ. 40,000 ಕೋಟಿ ಬೀದಿಗಳಲ್ಲಿ ಇವರ ಬೀದಿಗೇ ಇನ್ನೊಬ್ಬರು ಹಾದು ಬರಬೇಕಲ್ಲ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ, ದಯವಿಟ್ಟು ಎರಡು ನಿಮಿಷ ನಿಂತು ಹೆಸರು ಓದಿ ಬನ್ನಿ. ದಾರಿ ನನಗೆ ತಿಳಿಯದು. ಕಮಾಂಡರನ್ನೇ ಕೇಳಿ, ಆದರೆ ಊಟ ಮಾಡಿಕೊಂಡು ಹೋಗಿ ಕೇಳಿ.