ಜಾತ್ರೆ ತಿಂಗಳಿಗೆ ಮನೆ ಕೇಳಿದ ನಾಟಕ ಕಂಪನಿ ಮಾಲೀಕರಿಗೆ

ಮಾನ್ಯ ಮಾಲೀಕರೇ,

ಬನದ ಹುಣ್ಣಿಮೆ ಇನ್ನೂ ದೂರವಿರುವಾಗಲೇ ನಿಮ್ಮ ಮ್ಯಾನೇಜರು ಚೊಳಚಗುಡ್ಡಕ್ಕೆ ಬಂದು, ಬನಶಂಕರಿ ಜಾತ್ರೆ ಮುಗಿಯುವ ತನಕ ನಮ್ಮ ಮನೆ ಸಾಮಾನು ಸಮೇತ ಬಾಡಿಗೆಗೆ ಸಿಕ್ಕೀತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ‘ಕೊಡ್ತೀವ್ರಿ’ ಅಂದುಬಿಟ್ಟಳು. ಮಾತು ಕೊಟ್ಟಾಯಿತು. ಕೊಟ್ಟದ್ದು ಏನೇನು ಎಂಬುದು ಮಾತ್ರ ನಾಲ್ಕು ಮಂದಿಗೆ ಗೊತ್ತಿರಲಿ, ನಾಳೆ ಹಿರಿಯರನ್ನು ಕೂಡಿಸುವ ಪ್ರಸಂಗ ಬರದಿರಲಿ ಎಂದು ಈ ಬಹಿರಂಗ ಪತ್ರ.

ಚಳಿಗಾಲಕ್ಕೆ ಮನೆ ಬಾಡಿಗೆಗೆ ಕೊಟ್ಟು ಊರು ಬಿಡುವುದು ದೊಡ್ಡ ದೇಶಗಳ ಪದ್ಧತಿ. ಕೆನಡಾದ ನಿವೃತ್ತರು ಹಿಮಕ್ಕೆ ಬೆನ್ನು ತಿರುಗಿಸಿ ಫ್ಲೋರಿಡಾದ ಬಿಸಿಲಿಗೆ ಹೋಗುತ್ತಾರೆ. ಬಾದಾಮಿಯ ಕೆಂಪು ಬಂಡೆಗಳ ಕೆಳಗೆ ಅಂಥ ಚಳಿ ಎಲ್ಲಿಂದ ಬರಬೇಕು? ಬೇಸಿಗೆ ತುಂಬ ಬೆಂದವರಿಗೆ ಪುಷ್ಯ ಮಾಸದಲ್ಲಿ ಒಂದು ಕೌದಿ ಹೊದೆಯುವಷ್ಟು ತಂಪು ಸಿಗುತ್ತದೆ. ಊರಲ್ಲಿ ಇರಬೇಕಾದ ಕಾಲವೇ ಅದು. ಆಗಲೇ ನಾವು ಕಾಲು ಕೀಳುತ್ತಿರುವುದು ನೆಂಟರಿಗೆ ಹೆದರಿ.

ಹೋಗುತ್ತಿರುವುದು ಮಗಳ ಮನೆಗೆ, ಬೆಂಗಳೂರಿನ ಬನಶಂಕರಿಗೆ. ಅಲ್ಲಿ ಆಕೆಯ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸು ತೆಗೆದುಕೊಂಡು 11 ತಿಂಗಳ ಕರಾರು ಬರೆಸಿದ್ದಾರೆ. ಅವಧಿ ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ! ಕರಾರಿನಿಂದ ಬಿಟ್ಟುಹೋದ ಆ ಹನ್ನೆರಡನೆಯ ತಿಂಗಳು ಎಲ್ಲಿಗೆ ಹೋಯಿತು ಎಂದು ನನಗೆ ಬಹಳ ದಿನ ಯೋಚನೆಯಾಗಿತ್ತು. ಈಗ ತಿಳಿಯಿತು, ಅದು ಚೊಳಚಗುಡ್ಡಕ್ಕೆ ಬಂದಿದೆ. ನಮ್ಮಲ್ಲಿ ಮನೆಗಳಿಗೆ ಬೆಲೆ ಬರುವುದು ಆ ಒಂದೇ ತಿಂಗಳು.

ಇನ್ನು ಸಾಮಾನಿನ ಪಟ್ಟಿ. ಪಡಸಾಲೆಯಲ್ಲಿ ಎರಡು ಹೊರಸು, ಒಂದು ಕಬ್ಬಿಣದ ಮಂಚ. ನಾಗಂದಿಗೆಯ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ನೋಡಬಹುದು, ಇಳಿಸಬಾರದು. ಟ್ರಂಕಿನಲ್ಲಿ ಟೋಪ ತೆನಿ ಸೆರಗಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳಿವೆ. ಸಾಹುಕಾರನ ಹೆಂಡತಿಯ ಪಾತ್ರಕ್ಕೆ ಎಷ್ಟೇ ಒಪ್ಪುವಂತಿದ್ದರೂ ಅವು ರಂಗಕ್ಕೆ ಹೋಗಕೂಡದು. ಈ ಷರತ್ತು ನನ್ನದಲ್ಲ, ಟ್ರಂಕಿನ ಒಡತಿಯದು. ತಲಬಾಗಿಲನ್ನು ನಮ್ಮಪ್ಪ ಇದೇ ಜಾತ್ರೆಯಲ್ಲಿ ಕೊಂಡದ್ದು. ನಿಮ್ಮ ಥೇಟರಿನ ಆಚೆ ಬಾಗಿಲು, ಚೌಕಟ್ಟು, ತೊಟ್ಟಿಲು ಮಾರುವ ಸಾಲು ನೋಡಿರುತ್ತೀರಿ. ಮದುವೆಗೆ ಮೊದಲು ಬಾಗಿಲು, ಮದುವೆಯಾದ ಮೇಲೆ ತೊಟ್ಟಿಲು, ಎರಡಕ್ಕೂ ನಮ್ಮ ಕಡೆಯವರು ಬನಶಂಕರಿಯ ದಾರಿಯನ್ನೇ ನೋಡುತ್ತಾರೆ. ಆ ಬಾಗಿಲಿಗೆ ಚಿಲಕ ಇದೆ, ಆದರೆ ಜಾತ್ರೆಯಲ್ಲಿ ಅದನ್ನು ಹಾಕಿ ರೂಢಿಯಿಲ್ಲ. ಗೃಹಜ್ಯೋತಿಯ ಪುಣ್ಯದಿಂದ ಕರೆಂಟಿಗೆ ಸೊನ್ನೆ ಬಿಲ್ಲು ಬರುತ್ತದೆ. ನಿಮ್ಮ ರಾಜರು, ಖಳನಾಯಕರು ಸೇರಿ ಇಸ್ತ್ರಿ ಮಾಡಿಸಿ 200 ಯೂನಿಟ್ ದಾಟಿಸಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಗೋಡೆಯ ಮೇಲಿನ ನೀರಿನ ಗೆರೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಬಂದು ಹೋದ ಗುರುತು. ಸುಣ್ಣ ಬಳಿದು ಉಪಕಾರ ಮಾಡಬೇಡಿ, ಪರಿಹಾರದ ಅಧಿಕಾರಿಗಳಿಗೆ ತೋರಿಸಲು ಅದೊಂದೇ ಸಾಕ್ಷಿ ಉಳಿದಿದೆ.

ಪಟ್ಟಿಯ ಮುಖ್ಯ ಸಾಮಾನು ಇನ್ನೂ ಬಂದಿಲ್ಲ. ಅದು ಬರುವುದು ಪಲ್ಲೇದ ಹಬ್ಬದ ದಿನ. ಶಾಕಂಬರಿಗೆ 108 ಬಗೆಯ ಪಲ್ಯದ ನೈವೇದ್ಯ ಆಗುತ್ತಿರುವ ಹೊತ್ತಿಗೆ ಹುನಗುಂದದ ಅತ್ತೆ, ಗಜೇಂದ್ರಗಡದ ಷಡ್ಡಕ, ಬಾಗಲಕೋಟೆಯ ಮಾವನ ತಮ್ಮನ ಬೀಗರು, ಬೀಗರಿಗೆ ಬಸ್ಸಿನಲ್ಲಿ ಪರಿಚಯವಾದವರು, ಎಲ್ಲರೂ ಚೀಲ ಸಮೇತ ಇಳಿಯುತ್ತಾರೆ. ಹುಣ್ಣಿಮೆಗೆ ತೇರು. ತೇರು ಎಳೆದವರು ಮರುದಿನ ಹೋಗುತ್ತಾರೆಂದು ನಂಬಬೇಡಿ. ತೇರು ಒಂದು ದಿನದ್ದು, ನಿಮ್ಮ ನಾಟಕ ತಿಂಗಳಿನದು. ಒಂದೊಂದು ರಾತ್ರಿ ಒಂದೊಂದು ಕಂಪನಿ ನೋಡಿದರೂ ಎಲ್ಲ ಮುಗಿಸಲು ಅವರಿಗೆ ವಾರ ಸಾಲದು. ರಾತ್ರಿಯೆಲ್ಲ ನಿಮ್ಮ ನಾಟಕ ನೋಡಿ ಕೋಳಿ ಕೂಗುವ ಹೊತ್ತಿಗೆ ಬಂದು ಮಲಗುತ್ತಾರೆ. ನಿಮ್ಮ ಕಲಾವಿದರು ಬಣ್ಣ ತೊಳೆದು ಮಲಗಲು ಬರುವುದೂ ಅದೇ ಹೊತ್ತಿಗೆ. ಹೊರಸು ಎರಡೇ ಎಂದು ಮತ್ತೊಮ್ಮೆ ನೆನಪಿಸುತ್ತೇನೆ.

ಮನೆ ಬಾಡಿಗೆಗೆ ಕೊಟ್ಟಿದ್ದಾರೆ ಎಂದರೆ ಅವರು ಹೋಗುತ್ತಾರೆಯೇ? ಹೋಗುವುದಿಲ್ಲ. ‘ಹೌದೇನ್ರಿ, ಹಂಗಾದ್ರ ನೀವೂ ನಮ್ಮವರ ಆದ್ರಿ’ ಎಂದು ಕೈಕಾಲು ತೊಳೆದು ಒಳಗೆ ಬರುತ್ತಾರೆ. ನೀವು ಅನುಭವಸ್ಥರು. ಸೂಳೇಭಾವಿಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಗುವ ಮೊದಲೇ ಕಂಪನಿಗಳ ಅನ್ನಕ್ಕೆ ದಾರಿಯಾಗಿತ್ತು. ಸಾಹುಕಾರನ ಸೊಕ್ಕು, ತಾಯಿಯ ಕಣ್ಣೀರು, ಅಳಿಯನ ಪೇಚಾಟ ಎಲ್ಲವನ್ನೂ ಟಿಕೀಟಿಗೆ ತೂಗಿ ಕೊಡುವ ನಿಮಗೆ ಒಂದು ಮನೆಯ ಯಜಮಾನಿಕೆ ಏನು ಮಹಾ? ಅಡುಗೆಯ ಚಿಂತೆಯೂ ಬೇಡ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರ ಹತ್ತಿರ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ, ಗಡಿಗೆಯ ಮೊಸರು ಸಿಗುತ್ತದೆ. ನೆಂಟರ ಎಣಿಕೆ ಮಾತ್ರ ಊಟಕ್ಕೆ ಕೂತ ಮೇಲೆ ಮಾಡಿ, ಮೊದಲೇ ಮಾಡಿದರೆ ತಪ್ಪುತ್ತದೆ.

ಈಗ ಸ್ವಲ್ಪ ಗಂಭೀರ ವಿಷಯ. ನಿಮ್ಮ ಮ್ಯಾನೇಜರು ನಮ್ಮ ಓಣಿಯಲ್ಲಿ ಬೀಗ ಹಾಕಿದ ಮನೆಗಳನ್ನು ಕಂಡು, ‘ಇವು ಹೆಂಗೂ ಖಾಲಿ ಅದಾವಲ್ರಿ, ಇವನ್ನೂ ಕೊಡಸ್ರಿ’ ಅಂದರು. ಅವು ಗುಳೆ ಹೋದವರ ಮನೆಗಳು. ಹೊಲದ ಕೆಲಸ ಮುಗಿದರೆ ಗೋವಾ, ಮಂಗಳೂರು, ಬೆಂಗಳೂರು, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ಹೊರಡುತ್ತಾರೆ. ಪರರ ಮನೆಯ ಆರನೆಯ ಅಂತಸ್ತಿಗೆ ಇಟ್ಟಿಗೆ ಹೊತ್ತು, ತಾವು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಕೆನಡಾದವರು ಮಾಡಿದರೆ ವಿಹಾರ ಎನ್ನಿಸಿಕೊಳ್ಳುವ ಕೆಲಸವನ್ನು ನಮ್ಮ ತಾಲ್ಲೂಕಿನ ಬಡವರು ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಅವರ ಮನೆಯ ಸಾಮಾನೆಂದರೆ ಒಂದು ಒಲೆ, ಎರಡು ಕೊಡ, ಬಾಗಿಲ ಸಂದಿಯಲ್ಲಿ ಕೈ ಹಾಕಿದರೆ ಸಿಗುವ ಕೀಲಿ. ಯುಗಾದಿಗೆ ಬರದವರೂ ಬನದ ಹುಣ್ಣಿಮೆಗೆ ಬರುತ್ತಾರೆ. ಗುತ್ತಿಗೆದಾರನಿಂದ ಮುಂಗಡ ಕೇಳಿ ಬಸ್ಸು ಹತ್ತುತ್ತಾರೆ. ಹುಟ್ಟಿದ ಕೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಕೂಡಿಸಿ ಹರಿದ್ರಾತೀರ್ಥದಲ್ಲಿ ಒಂದು ಸುತ್ತು ಹಾಕಿಸದೆ ಅವರಿಗೆ ಸಮಾಧಾನವಿಲ್ಲ. ಊರ ಬೀಗಗಳು ತೆಗೆಯುವುದು ಆ ದಿನಗಳಲ್ಲಿ. ಆದ್ದರಿಂದ ಆ ಮನೆಗಳನ್ನು ಕೇಳಬೇಡಿ. ಕೀಲಿ ಎಲ್ಲಿದೆ ಎಂದು ಓಣಿಯ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ಹೀಗೆ ಹೊಟ್ಟೆಪಾಡಿಗೆ ಹೋದವರೆಲ್ಲ ಊರಿಗೆ ಬರುವ ತಿಂಗಳಲ್ಲಿ, ಹೊಟ್ಟೆ ತುಂಬಿದ ನಾವು ಊರು ಬಿಡುತ್ತಿದ್ದೇವೆ. ವರ್ಷವಿಡೀ ಮನೆಯಿಲ್ಲದೆ ಊರೂರು ಸುತ್ತುವ ನೀವು ನಮ್ಮ ಹೊಸ್ತಿಲಲ್ಲಿ ನಿಂತು ‘ಬರ್ರಿ, ಬರ್ರಿ’ ಅನ್ನುತ್ತೀರಿ. ಪರಶುರಾಮ ಆಗಳೆ 1750ರಲ್ಲಿ ಈಗಿನ ಗುಡಿ ಕಟ್ಟಿಸಿದ ಮೇಲೆ ತಾಯಿ ಎಂತೆಂಥ ಭಕ್ತರನ್ನು ನೋಡಿದ್ದಾಳೋ! ತನ್ನ ಜಾತ್ರೆಗೆ ಹೆದರಿ, ತನ್ನದೇ ಹೆಸರಿನ ಬಡಾವಣೆಯಲ್ಲಿ ಅಡಗುವ ಭಕ್ತ ಹೊಸಬನೇ ಇರಬೇಕು.

ಬಾಡಿಗೆ ಹೆಚ್ಚಾಯಿತೆಂದು ಮ್ಯಾನೇಜರು ಮುಖ ಸಣ್ಣ ಮಾಡಿದರು. ಗೋಡೆಗೆ, ಹೊರಸಿಗೆ ಮಾತ್ರ ದುಡ್ಡು ಕೇಳಿದ್ದೇನೆ, ನೆಂಟರನ್ನು ಪುಕ್ಕಟೆ ಕೊಟ್ಟಿದ್ದೇನೆ ಎಂದು ಅವರಿಗೆ ತಿಳಿಸಿ ಹೇಳಿ. ಇನ್ನೊಂದು ಮಾತು. ತೇರಿನ ದಿನ ನಾವೂ ಬರುತ್ತೇವೆ. ಮಗಳು, ಅಳಿಯ, ಮೊಮ್ಮಕ್ಕಳು ಜೊತೆಗಿರುತ್ತಾರೆ. ಬೆಂಗಳೂರಿನಿಂದ ಅಷ್ಟು ದೂರ ಬಂದವರಿಗೆ ಇಳಿದುಕೊಳ್ಳಲು ಊರಲ್ಲಿ ನಿಮ್ಮ ಮನೆ ಬಿಟ್ಟರೆ ಬೇರೆ ಯಾವುದಿದೆ? ಎರಡು ಹೊತ್ತು ಊಟ, ರಾತ್ರಿ ಆಟಕ್ಕೆ ಮುಂದಿನ ಸಾಲಿನ ಕುರ್ಚಿ, ಹೊರಡುವಾಗ ಹೆಣ್ಣುಮಕ್ಕಳಿಗೆ ಉಡಿ ತುಂಬುವುದು, ಇಷ್ಟಾದರೆ ಸಾಕು. ಅದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬೇಡಿ. ನೆಂಟರ ಮುಂದೆ ಲೆಕ್ಕದ ಪುಸ್ತಕ ತೆಗೆಯುವ ಪದ್ಧತಿ ನಮ್ಮ ಕಡೆ ಇಲ್ಲ.

ಇತಿ,
ನಿಮ್ಮ ಮನೆಯ ಮಾಲೀಕ
ಚೊಳಚಗುಡ್ಡ