ಹೆಗಲ ಮೇಲೊಂದು ಟವೆಲ್

ಸಂಸ್ಕೃತಿ ಹಾಳಾಯಿತೆಂದು ಗೋಳಾಡುವವರು ಸಮಾಧಾನಪಡಲಿ. ಅದು ಎಲ್ಲೂ ಹೋಗಿಲ್ಲ, ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ. ಕಾಲಿಂಗ್ ಬೆಲ್ ಸದ್ದಾದರೆ ಸಾಕು, ನೈಟಿ ತೊಟ್ಟ ಗೃಹಿಣಿ ಅದನ್ನು ಸೆಳೆದು ಹೆಗಲಿಗೆ ಹಾಕಿಕೊಂಡೇ ಚಿಲಕ ತೆಗೆಯುತ್ತಾಳೆ. ಟವೆಲ್ಲಿಗೆ ಜಯವಾಗಲಿ!

ಹಿಂದಿನವರ ಪಾಡು ನೆನೆದರೆ ಇದರ ಹಿರಿಮೆ ತಿಳಿಯುತ್ತದೆ. ಮರ್ಯಾದೆ ಕಾಯಲು ಅವರಿಗೆ ಹದಿನೆಂಟು ಮೊಳದ ಸೀರೆ, ಅಂದರೆ 9 ಗಜ ಬಟ್ಟೆ ಬೇಕಿತ್ತು. ಮಡಿಯ ಮನೆಗಳಲ್ಲಿ ಅದನ್ನು ಹಿಂಡಿ, ಕೋಲಿನಿಂದ ಎತ್ತಿ, ಸೂರಿನಡಿಯ ಬಿದಿರು ಗಳುವಿನ ಮೇಲೆ ಹರವಬೇಕು. ಮಕ್ಕಳ ಕೈ ತಗುಲಿತೋ, ಮತ್ತೆ ನೀರಿಗೆ. ಕಚ್ಚೆ ಹಾಕಿ ಉಟ್ಟು, ಸೆರಗು ಜಾರದಂತೆ ಹೊದ್ದು, ಸೌದೆ ಒಲೆಯ ಮುಂದೆ ಕೂರಬೇಕು. ಬೆವರಿಗೆ ಮೈಲಿಗೆಯಿಲ್ಲವಾದ್ದರಿಂದ ಅದನ್ನು ಯಾರೂ ವಿಚಾರಿಸುತ್ತಿರಲಿಲ್ಲ.

ಮುಂದೆ 9 ಗಜ 6 ಆಯಿತು. ಆಮೇಲೆ ಇಂಗ್ಲಿಷರು ಮಲಗುವಾಗ ತೊಡುತ್ತಿದ್ದ ನಿಲುವಂಗಿ ನಮ್ಮ ಅಡುಗೆಮನೆ ಹೊಕ್ಕಿತು. ಕಾಟನ್ ಬಟ್ಟೆ, ಮುಂದೊಂದು ಝಿಪ್, ಬದಿಗೊಂದು ಜೇಬು. ಬಾಣಂತಿಗೂ ಸೈ, ಅಜ್ಜಿಗೂ ಸೈ.

ಇಷ್ಟೊಂದು ಸುಖ ಒಳ್ಳೆಯದಲ್ಲವೆಂದು ಮನಗಂಡವರು ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯ ಹಿರಿಯರು. 2018ರಲ್ಲಿ ಅವರು ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ನೈಟಿಯನ್ನು ನಿಷೇಧಿಸಿದರು. ತೊಟ್ಟವರಿಗೆ 2,000 ರೂಪಾಯಿ ದಂಡ, ಹಿಡಿದುಕೊಟ್ಟವರಿಗೆ 1,000 ರೂಪಾಯಿ ಇನಾಮು. ಪಾಪ, ಒಂದು ಟವೆಲ್ಲಿನಲ್ಲಿ ಮುಗಿಯುವ ಕೆಲಸಕ್ಕೆ ಎಷ್ಟೊಂದು ಲೆಕ್ಕಪತ್ರ!

ಅದು ಮುಚ್ಚುವುದಾದರೂ ಏನನ್ನು ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಕತ್ತಿನಿಂದ ಪಾದದವರೆಗೆ ನೈಟಿಯೇ ಮುಚ್ಚಿದೆ, ಸೀರೆಯಲ್ಲಿ ಕಾಣುತ್ತಿದ್ದ ಸೊಂಟವೂ ಇದರಲ್ಲಿ ಕಾಣದು, ನಿಜ. ಆದರೆ ಟವೆಲ್ ಮುಚ್ಚುವುದು ಮೈಯನ್ನಲ್ಲ, ನೋಡುವವರ ಸಂಕಟವನ್ನು. ಈ ಬಗೆಯ ಸೇವೆ ಅದಕ್ಕೆ ಹೊಸದೂ ಅಲ್ಲ. ಹಿಂದೆ ಧಣಿಯ ಎದುರು ಆಳು ಹೆಗಲ ವಸ್ತ್ರವನ್ನು ಇಳಿಸಿ ಸೊಂಟಕ್ಕೆ ಕಟ್ಟಿದರೆ ಗೌರವ, ಈಗ ಗ್ಯಾಸ್ ಸಿಲಿಂಡರಿನವನ ಎದುರು ಗೃಹಿಣಿ ಹೆಗಲಿಗೆ ಏರಿಸಿದರೆ ಗೌರವ. ಇಳಿಸುವವರು, ಏರಿಸುವವರು ಯಾರೆಂದು ತೀರ್ಮಾನಿಸುವ ಹಕ್ಕು ಮಾತ್ರ ಅಂದೂ ಇಂದೂ ಅವರದಲ್ಲ.

ಗಂಡಸರ ತ್ಯಾಗವೂ ಕಡಿಮೆಯದಲ್ಲ. ಪೇಟ, ಮುಚ್ಚುಕಾಲರಿನ ಕೋಟು, ಕಚ್ಚೆಪಂಚೆ ಇಲ್ಲದೆ ಬೀದಿಗಿಳಿಯದ ಅಜ್ಜಂದಿರ ಮೊಮ್ಮಕ್ಕಳು ಅವೆಲ್ಲವನ್ನೂ ತೊರೆದು ಬರ್ಮುಡಾ ಒಂದರಲ್ಲೇ ತರಕಾರಿ ಅಂಗಡಿಗೆ ಹೋಗಿಬರುತ್ತಾರೆ. ಮನೆಯಲ್ಲಿ ಬರಿಮೈಯಲ್ಲಿ ಕೂತು, ಹೆಂಡತಿಗೆ ಟವೆಲ್ ನೆನಪಿಸುವ ಹೊಣೆಯನ್ನೂ ಹೊತ್ತಿದ್ದಾರೆ.

ಈಗಂತೂ ಅಂಗಡಿಯವರು ನೈಟಿಯ ಜೊತೆಗೇ ಅದೇ ಬಣ್ಣದ ವೇಲ್ ಸೇರಿಸಿ ಮಾರುತ್ತಿದ್ದಾರೆ. ಸುಖಕ್ಕೂ ಮರ್ಯಾದೆಗೂ ಒಂದೇ ಬಿಲ್. ಅಲ್ಲೇ ಪಕ್ಕದಲ್ಲಿ ಬರ್ಮುಡಾ ಮಾತ್ರ ಒಂಟಿಯಾಗಿ ಸಿಗುತ್ತದೆ. ಗಂಡಸರಿಗೆ ಮರ್ಯಾದೆ ಹುಟ್ಟಿನಿಂದಲೇ ಬಂದಿರುವುದರಿಂದ ಅದಕ್ಕೆಂದು ಬೇರೆ ಬಟ್ಟೆ ಬೇಕಾಗಿಲ್ಲ.