ಹಿಟ್ಟು ತಿಗಣೆಯವರಿಗೊಂದು ಬಹಿರಂಗ ಪತ್ರ

ದಾಸವಾಳದ ಕುಡಿಯಲ್ಲಿ ಸಂಸಾರ ಸಮೇತ ಬೀಡುಬಿಟ್ಟಿರುವ ಶ್ರೀಮತಿ ಹಿಟ್ಟು ತಿಗಣೆಯವರಿಗೆ ಅನಂತ ನಮಸ್ಕಾರಗಳು. ಉಭಯಕುಶಲೋಪರಿ ಎಂದು ಬರೆಯುವುದು ವಾಡಿಕೆ. ಸದ್ಯಕ್ಕೆ ಕುಶಲವೆಲ್ಲ ತಮ್ಮ ಕಡೆಯೇ. ಇಲ್ಲಿ ಕುಡಿ ಮುರುಟಿದೆ, ಮೊಗ್ಗು ಉದುರಿದೆ, ದೇವರ ತಲೆಗೆ ಹೂವಿಲ್ಲ.

ನಮ್ಮ ಕೈತೋಟದವರು ತಮ್ಮ ಸತ್ಕಾರದಲ್ಲಿ ಏನೂ ಕಡಿಮೆ ಮಾಡಿಲ್ಲ. ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ, ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ್ದು. ಇದನ್ನೆಲ್ಲ ನೋಡಲು ಯಾರಿಗೆ ಪುರುಸೊತ್ತು? ಹಳದಿ ಕಂಡಿತೋ, ಯೂರಿಯಾ ಸುರಿ! ಹೂವಿನ ಬದಲು ರಸ ತುಂಬಿದ ಎಳೆ ಚಿಗುರು ಬರುತ್ತದೆ, ತಮಗೆ ಹಬ್ಬದೂಟ. ತಾವು ಸುರಿಸುವ ಸಿಹಿ ಅಂಟಿಗೆ ಇರುವೆಗಳು ಬಂದು ಕಾವಲು ನಿಲ್ಲುತ್ತವೆ. ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದರೆ ಗಿಡಕ್ಕೇ ರೋಗವೆಂದು ಶಿಲೀಂಧ್ರನಾಶಕ ಹೊಡೆಯುತ್ತಾರೆ. ತಮ್ಮ ಕೂದಲೂ ಕೊಂಕುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಉಪಕಾರ ಬೇರೆಯೇ ಇದೆ. 1898ರಲ್ಲಿ ಕಾಫಿ ತೋಟಗಳಿಗೆಂದು ಆಸ್ಟ್ರೇಲಿಯಾದಿಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ತರಿಸಿದ್ದರು. ತಮ್ಮ ಮೊಟ್ಟೆ, ಮರಿಗಳೆಂದರೆ ಅದಕ್ಕೆ ಪಂಚಪ್ರಾಣ. ಅದರ ಮರಿಹುಳುವಿನ ಮೈಮೇಲೂ ತಮ್ಮಂತೆಯೇ ಬಿಳಿ ಮೇಣದ ಜೂಲು. ಗಾತ್ರ ತುಸು ದೊಡ್ಡದು, ಮೇಣದ ಎಳೆಗಳು ಉದ್ದ, ಚುರುಕಾಗಿ ಓಡಾಡುತ್ತದೆ. ತಾವೋ, ಕೂತಲ್ಲೇ ಕೂರುವ ಗಟ್ಟಿ ಕುಳ. ಕನ್ನಡಕ ಏರಿಸಿ ಅರೆಗಳಿಗೆ ನೋಡಿದರೆ ಗೊತ್ತಾಗುವ ವ್ಯತ್ಯಾಸ. ನಮ್ಮವರು 'ಅಬ್ಬಾ, ಎಷ್ಟು ದಪ್ಪ ಬೆಳೆದಿದೆ' ಎಂದು ಅದನ್ನೇ ಮೊದಲು ಹೊಸಕುತ್ತಾರೆ.

ಮೆಕ್ಸಿಕೊ ಮೂಲದ ತಮ್ಮ ಬಂಧು ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆಗಳನ್ನು ಹಾಳುಗೆಡವಿದ್ದು ತಮ್ಮ ಕುಲಕ್ಕೆ ಹೆಮ್ಮೆಯ ವಿಷಯವೇ. ಔಷಧಿಗೆ ಜಗ್ಗದ ಆ ಮಹಾಶಯರು, 2010ರಲ್ಲಿ ಪೋರ್ಟೊ ರಿಕೊದಿಂದ ಬೆಂಗಳೂರಿಗೆ ಬಂದಿಳಿದ ಅಸೆರೋಫೇಗಸ್ ಎಂಬ ಕಣಜಕ್ಕೆ ಮಣಿದರು. ಸಾಸಿವೆಗಿಂತ ಚಿಕ್ಕದು, ತಿಗಣೆಯ ಮೈಯೊಳಗೇ ಮೊಟ್ಟೆಯಿಡುತ್ತದೆ. ಈ ಪ್ರಸಂಗ ನೆನಪಿಸಿದ್ದಕ್ಕೆ ಕ್ಷಮೆಯಿರಲಿ.

ನನ್ನ ಅಂಗಳದಲ್ಲಿ ಇನ್ನು ಯೂರಿಯಾ ಬಂದ್. ಬೆಳಿಗ್ಗೆ ಪೈಪಿನಿಂದ ರಭಸದ ನೀರು, ಇರುವೆಯ ದಾರಿಗೆ ಅಡ್ಡಿ. ಸಂಜೆ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕದಡಿ ಎಲೆಯ ಅಡಿಗೂ ಸಿಂಪಡಣೆ. ಗುಲಗಂಜಿ ಮರಿಯಿರುವ ಕುಡಿಗೆ ಮಾತ್ರ ಅದೂ ಇಲ್ಲ.

ತಾವು ಧೈರ್ಯಗೆಡಬೇಡಿ. ಪಕ್ಕದ ಮನೆಯವರು ಹೊಸ ಔಷಧಿ ತಂದಿದ್ದಾರೆ. 'ಒಂದು ಹುಳಾನೂ ಉಳಿಯಲ್ಲ ಸಾರ್' ಎಂದು ಅಂಗಡಿಯವನು ಭರವಸೆ ಕೊಟ್ಟಿದ್ದಾನಂತೆ. ತಮ್ಮ ವೈರಿಗಳೆಲ್ಲ ಅಲ್ಲಿ ನಿರ್ನಾಮ. ಸಪರಿವಾರ ಅಲ್ಲಿಗೆ ದಯಮಾಡಿಸಿ.

ಇತಿ ತಮ್ಮ ವಿಧೇಯ,
ದಾಸವಾಳದ ಯಜಮಾನ